ಬಿಳಿ ಹೋಗುವುದು, ವಾಸನೆ, ಮತ್ತೆ ಮತ್ತೆ ಮಾತ್ರೆ: ಒಳಗಿನ ಬ್ಯಾಕ್ಟೀರಿಯಾ ಬೇಕೋ ಬೇಡವೋ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಊರು ರಬಕವಿ-ಬನಹಟ್ಟಿ, ಮನೆಯಲ್ಲಿ ಮಗ್ಗ ಇದೆ. ಇಬ್ಬರು ಮಕ್ಕಳು. ಒಂದು ವರ್ಷದಿಂದ ಬಿಳಿ ಹೋಗುತ್ತಿದೆ. ತೆಳ್ಳಗೆ, ಬೂದು ಬಣ್ಣ, ಮೀನಿನಂಥ ವಾಸನೆ. ಮುಟ್ಟಿನ ಹೊತ್ತಿಗೆ ಮತ್ತು ಗಂಡನ ಜೊತೆ ಸೇರಿದ ಮೇಲೆ ವಾಸನೆ ಜಾಸ್ತಿ. ತುರಿಕೆ ಇಲ್ಲ. ಮಾತ್ರೆ ತಗೊಂಡರೆ ಹೋಗುತ್ತದೆ, ಎರಡು ಮೂರು ತಿಂಗಳಿಗೆ ಮತ್ತೆ ಬರುತ್ತದೆ. ಕೊನೇ ಸಲ ತೋರಿಸಿದಾಗ ಡಾಕ್ಟರು ‘ಒಳಗೆ ಇರಬೇಕಾದ ಒಳ್ಳೆ ಬ್ಯಾಕ್ಟೀರಿಯಾ ಕಡಿಮೆ ಆಗಿವೆ’ ಅಂದರು. ಬ್ಯಾಕ್ಟೀರಿಯಾ ಅಂದರೆ ರೋಗ ಅಲ್ವಾ? ಅವು ಅಲ್ಲಿ ಯಾಕೆ ಇರಬೇಕು? ನಮ್ಮ ಅತ್ತೆ ಬೇವಿನ ನೀರು, ಪಟಿಕದ ನೀರಿನಿಂದ ಒಳಗೆ ತೊಳೆದುಕೋ ಅಂತಾರೆ. ದಿನಾ ತೊಳೆಯುತ್ತೇನೆ, ಆದರೂ ಕಡಿಮೆ ಆಗುತ್ತಿಲ್ಲ. ನಾನು ಸ್ವಚ್ಛ ಇಲ್ಲ ಅಂತಾನಾ? ಮೊಸರು ಹಚ್ಚಿದರೆ ಹೋಗುತ್ತದೆ ಅಂತಾರೆ, ಹೌದಾ? ಗಂಡನಿಗೂ ಮಾತ್ರೆ ಬೇಕಾ?

ಉತ್ತರ: ತಂಗಿ, ಮೊದಲು ಒಳಗೆ ತೊಳೆಯುವುದನ್ನು ನಿಲ್ಲಿಸಿ. ಇದನ್ನು ಓದಿದ ದಿನದಿಂದಲೇ. ಬೇವಿನ ನೀರು, ಪಟಿಕ, ಉಪ್ಪು ನೀರು, ಡೆಟಾಲ್, ಸೋಪು, ಟಿವಿಯಲ್ಲಿ ತೋರಿಸುವ ವಾಶ್, ಇವು ಯಾವುದೂ ಯೋನಿಯ ಒಳಗೆ ಹೋಗುವುದು ಬೇಡ. ಸ್ನಾನ ಮಾಡುವಾಗ ಹೊರಭಾಗವನ್ನು ಬರೀ ನೀರಿನಿಂದ ತೊಳೆದರೆ ಸಾಕು. ನಿಮ್ಮ ಅತ್ತೆಯವರು ಕಾಳಜಿಯಿಂದಲೇ ಹೇಳಿದ್ದಾರೆ, ಅವರ ಮೇಲೆ ಬೇಸರ ಬೇಡ. ಆದರೆ ಈ ತೊಂದರೆಯಲ್ಲಿ ತೊಳೆದಷ್ಟೂ ಕೆಡುತ್ತದೆ.

ನೀವು ಸ್ವಚ್ಛ ಇಲ್ಲ ಅನ್ನುವ ಮಾತನ್ನು ತಲೆಯಿಂದ ತೆಗೆದುಹಾಕಿ. ಬಾಗಲಕೋಟೆಯ ನವನಗರದಲ್ಲಿ ನನ್ನ ಹತ್ತಿರ ಬರುವ ಎಷ್ಟೋ ಹೆಣ್ಣುಮಕ್ಕಳು ತಲೆ ತಗ್ಗಿಸಿಕೊಂಡೇ ಇದನ್ನು ಹೇಳುತ್ತಾರೆ. ಕೆಲವರು ಗಂಡನ ಪಕ್ಕ ಮಲಗುವುದನ್ನೇ ಬಿಟ್ಟಿರುತ್ತಾರೆ. ನನಗೆ ಅದು ಬಹಳ ಸಂಕಟ ಕೊಡುತ್ತದೆ. ನೀವು ಬರೆದ ಲಕ್ಷಣ ನೋಡಿದರೆ ಇದು ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು. ಪರೀಕ್ಷೆ ಮಾಡದೆ ಖಚಿತ ಹೇಳಲು ಬರುವುದಿಲ್ಲ. ಆದರೆ ತೆಳ್ಳನೆ ಬೂದು ಸ್ರಾವ, ಮೀನಿನ ವಾಸನೆ, ತುರಿಕೆ ಇಲ್ಲದಿರುವುದು, ಮಾತ್ರೆಗೆ ಹೋಗಿ ಮತ್ತೆ ಬರುವುದು, ಎಲ್ಲವೂ ಅದನ್ನೇ ಹೇಳುತ್ತವೆ. ಇದಕ್ಕೂ ಕೊಳೆಗೂ ಸಂಬಂಧ ಇಲ್ಲ. ಒಳಗೋಡೆಯ ಜೀವಕೋಶಗಳು ಮತ್ತು ಅಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾಗಳ ನಡುವೆ ಒಂದು ಕೊಡುಕೊಳ್ಳುವ ವ್ಯವಹಾರ ಇದೆ. ಅದು ತಪ್ಪಿದಾಗ ಹೀಗಾಗುತ್ತದೆ. ಆ ವ್ಯವಹಾರ ಏನು ಅಂತ ಗೊತ್ತಾದರೆ, ತೊಳೆಯಬೇಡಿ ಅಂತ ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅನ್ನುವುದೂ ಗೊತ್ತಾಗುತ್ತದೆ.

ಯೋನಿಯ ಒಳಗೋಡೆ ಒಂದರ ಮೇಲೊಂದು ಹಲವು ಪದರ ಜೀವಕೋಶಗಳಿಂದ ಆಗಿದೆ. ತಳದ ಪದರದಲ್ಲಿ ಹೊಸ ಕೋಶಗಳು ಹುಟ್ಟುತ್ತಲೇ ಇರುತ್ತವೆ. ಅವು ನಿಧಾನಕ್ಕೆ ಮೇಲೆ ಬರುತ್ತಾ ಅಗಲವಾಗಿ, ಚಪ್ಪಟೆಯಾಗಿ, ಕೊನೆಗೆ ಉದುರುತ್ತವೆ. ಮೇಲೆ ಬರುವಷ್ಟರಲ್ಲಿ ಅವುಗಳ ಒಡಲು ಗ್ಲೈಕೋಜನ್‌ನಿಂದ ತುಂಬಿರುತ್ತದೆ. ಗ್ಲೈಕೋಜನ್ ಅಂದರೆ ಪಿಷ್ಟದ ಹಾಗೆ ಉದ್ದುದ್ದ ಸರಪಳಿಯಾಗಿ ಕೂಡಿಟ್ಟ ಸಕ್ಕರೆ. ಇದನ್ನು ತುಂಬಿಸುವುದು ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನು. ಕೋಶ ಉದುರಿ ಒಡೆದಾಗ ಆ ಗ್ಲೈಕೋಜನ್ ಯೋನಿಯ ದ್ರವಕ್ಕೆ ಸೇರುತ್ತದೆ. ಅಲ್ಲಿ ಅಮೈಲೇಸ್ ಎಂಬ ಕಿಣ್ವ ಅದನ್ನು ಚಿಕ್ಕ ಚಿಕ್ಕ ಸಕ್ಕರೆ ತುಣುಕುಗಳಾಗಿ ಒಡೆಯುತ್ತದೆ. ನಾವು ಜೋಳದ ರೊಟ್ಟಿ ಅಗಿಯುವಾಗ ಜೊಲ್ಲಿನಲ್ಲಿ ಪಿಷ್ಟ ಒಡೆಯುವುದೂ ಅಮೈಲೇಸೇ. ಅಲ್ಲಿನ ಕೆಲವು ಬ್ಯಾಕ್ಟೀರಿಯಾಗಳಿಗೆ ಗ್ಲೈಕೋಜನ್ ಒಡೆಯುವ ತಮ್ಮದೇ ಕಿಣ್ವವೂ ಇರುತ್ತದೆ.

ಈ ಸಕ್ಕರೆ ತುಣುಕುಗಳನ್ನು ತಿಂದು ಬದುಕುವುದು ಲ್ಯಾಕ್ಟೋಬ್ಯಾಸಿಲಸ್ ಜಾತಿಯ ಬ್ಯಾಕ್ಟೀರಿಯಾಗಳು. ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹಾಲಿಗೆ ಹೆಪ್ಪು ಹಾಕಿದಾಗ ಆಗುವುದೂ ಹೆಚ್ಚುಕಡಿಮೆ ಇದೇ. ಹಾಲಿನ ಸಕ್ಕರೆ ಹುಳಿಯಾಗಿ ಮಾರ್ಪಡುತ್ತದೆ. ಆ ಹುಳಿಯಲ್ಲಿ ಬೇರೆ ಕ್ರಿಮಿಗಳು ಸುಲಭಕ್ಕೆ ಬೆಳೆಯಲಾರವು. ಮಕ್ಕಳಾಗುವ ವಯಸ್ಸಿನ ಆರೋಗ್ಯವಂತ ಹೆಣ್ಣಿನ ಯೋನಿಯ ಪಿಎಚ್ ಸಾಮಾನ್ಯವಾಗಿ 3.8ರಿಂದ 4.5ರ ಒಳಗೆ ಇರುತ್ತದೆ. ರಕ್ತದ್ದು 7.4. ಈ ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ ಅಂತ ಅರ್ಥ. ದೇಹದ ಬೇರೆ ಭಾಗಗಳಿಗೆ ಹೋಲಿಸಿದರೆ ಇದು ಒಳ್ಳೇ ಹುಳಿಯೇ.

ಅಂದರೆ ಜೀವಕೋಶ ಊಟ ಕೊಡುತ್ತದೆ, ಬ್ಯಾಕ್ಟೀರಿಯಾ ಕಾವಲು ಕಾಯುತ್ತದೆ. 1892ರಲ್ಲೇ ಜರ್ಮನಿಯ ಸ್ತ್ರೀರೋಗ ವೈದ್ಯ ಆಲ್ಬರ್ಟ್ ಡೋಡರ್‌ಲೈನ್ ಈ ಬ್ಯಾಕ್ಟೀರಿಯಾಗಳನ್ನು ಗುರುತಿಸಿ ಬರೆದಿದ್ದರು. ಅವುಗಳಿಗೆ ಬಹಳ ಕಾಲ ಅವರ ಹೆಸರೇ ಇತ್ತು.

ಈಸ್ಟ್ರೋಜನ್ ಇಲ್ಲದಿದ್ದರೆ ಈ ವ್ಯವಹಾರ ನಡೆಯುವುದಿಲ್ಲ. ಮೈನೆರೆಯುವ ಮುಂಚೆ ಹುಡುಗಿಯರಲ್ಲಿ ಗ್ಲೈಕೋಜನ್ ಕಡಿಮೆ, ಹುಳಿಯೂ ಕಡಿಮೆ. ಮುಟ್ಟು ನಿಂತ ಮೇಲೆ ಮತ್ತೆ ಹಾಗೇ ಆಗುತ್ತದೆ. ನಿಮ್ಮ ಅತ್ತೆಯವರಿಗೆ ಉರಿ, ಒಣಗಿದ ಹಾಗೆ ಅನ್ನಿಸುವುದು, ಮೇಲಿಂದ ಮೇಲೆ ಮೂತ್ರದ ಸೋಂಕು ಇದ್ದರೆ ಅದಕ್ಕೂ ಇದು ಒಂದು ಕಾರಣ ಇರಬಹುದು. ಅದಕ್ಕೆ ಬೇರೆ ಚಿಕಿತ್ಸೆ ಇದೆ, ಅವರನ್ನೂ ಒಮ್ಮೆ ಕರೆದುಕೊಂಡು ಹೋಗಿ. ಹೆರಿಗೆಯಾಗಿ ಎದೆಹಾಲು ಕುಡಿಸುವ ತಿಂಗಳುಗಳಲ್ಲೂ ಈಸ್ಟ್ರೋಜನ್ ಕಡಿಮೆಯೇ.

ಲ್ಯಾಕ್ಟೋಬ್ಯಾಸಿಲಸ್ ಎಲ್ಲವೂ ಒಂದೇ ಅಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ತೊಂದರೆ ಯಾಕೆ ಮರಳಿ ಬರುತ್ತದೆ ಅನ್ನುವುದಕ್ಕೆ ಇದು ಬೇಕು. ಯೋನಿಯಲ್ಲಿ ಮುಖ್ಯವಾಗಿ ಸಿಗುವುದು ನಾಲ್ಕು: ಕ್ರಿಸ್ಪೇಟಸ್, ಇನರ್ಸ್, ಗ್ಯಾಸರಿ, ಜೆನ್ಸೆನಿ. ಇವುಗಳಲ್ಲಿ ಕ್ರಿಸ್ಪೇಟಸ್ ಬಹಳ ನಂಬಿಕಸ್ಥ. ಹುಳಿಯನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಲ್ಯಾಕ್ಟಿಕ್ ಆಮ್ಲದಲ್ಲಿ ಡಿ ಮತ್ತು ಎಲ್ ಅಂತ ಎರಡು ರೂಪ ಇವೆ, ಕ್ರಿಸ್ಪೇಟಸ್ ಎರಡನ್ನೂ ಮಾಡುತ್ತದೆ. ಇನರ್ಸ್ ಎಲ್ ರೂಪ ಮಾತ್ರ ಮಾಡುತ್ತದೆ. ಅದು ಎರಡೂ ಕಡೆ ಸಲ್ಲುವಂಥದ್ದು. ಆರೋಗ್ಯ ಇದ್ದಾಗಲೂ ಇರುತ್ತದೆ, ಕೆಟ್ಟಾಗಲೂ ಇರುತ್ತದೆ. ಜೀವಕೋಶದ ಪೊರೆಗೆ ತೂತು ಮಾಡುವ ಒಂದು ಪ್ರೋಟೀನೂ ಅದರ ಹತ್ತಿರ ಇದೆ.

2011ರಲ್ಲಿ ಅಮೆರಿಕದ ವಿಜ್ಞಾನಿಗಳು ಯಾವ ತೊಂದರೆಯೂ ಇಲ್ಲದ 396 ಹೆಂಗಸರ ಮಾದರಿ ತೆಗೆದು ನೋಡಿದರು. ಅವರನ್ನು ಐದು ಗುಂಪು ಮಾಡಲು ಬಂತು. ನಾಲ್ಕು ಗುಂಪುಗಳಲ್ಲಿ ಮೇಲೆ ಹೇಳಿದ ನಾಲ್ಕು ಲ್ಯಾಕ್ಟೋಬ್ಯಾಸಿಲಸ್‌ಗಳಲ್ಲಿ ಒಂದೊಂದರ ಪ್ರಾಬಲ್ಯ. ಐದನೇ ಗುಂಪಿನಲ್ಲಿ ಹಲವು ಬಗೆಯ ಬೇರೆ ಬ್ಯಾಕ್ಟೀರಿಯಾಗಳು ಕಲೆತಿದ್ದವು, ಲ್ಯಾಕ್ಟೋಬ್ಯಾಸಿಲಸ್ ಕಡಿಮೆ ಇತ್ತು. ಅವರೂ ಆರಾಮವಾಗಿಯೇ ಇದ್ದರು. ಹಾಗಾಗಿ ‘ಒಳ್ಳೆ ಬ್ಯಾಕ್ಟೀರಿಯಾ ಕಡಿಮೆ’ ಅಂದ ಕೂಡಲೇ ಹೆದರಬೇಡಿ. ತೊಂದರೆ ಇದ್ದಾಗ ಮಾತ್ರ ನಾವು ಚಿಕಿತ್ಸೆಗೆ ಹೋಗುತ್ತೇವೆ.

ಇನ್ನು ಕೆಡುವುದು ಹೇಗೆ? ಯಾವುದೋ ಕಾರಣಕ್ಕೆ ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಯಿತು ಅಂದುಕೊಳ್ಳಿ. ಒಳಗೆ ತೊಳೆದದ್ದು ಇರಬಹುದು, ಬೇರೆ ರೋಗಕ್ಕೆ ತಿಂದ ಆಂಟಿಬಯಾಟಿಕ್ ಇರಬಹುದು, ಸಂಗಾತಿಯಿಂದ ಬಂದ ಬ್ಯಾಕ್ಟೀರಿಯಾ ಇರಬಹುದು. ಹುಳಿ ಇಳಿಯುತ್ತದೆ. ಆಗ ಗಾರ್ಡ್ನೆರೆಲ್ಲಾ ಎಂಬ ಬ್ಯಾಕ್ಟೀರಿಯಾ ಮತ್ತು ಅದರ ಜೊತೆಗಾರರು ಹೆಚ್ಚುತ್ತಾರೆ. ಜೀವಕೋಶದ ಮೇಲೆ ತೆಳ್ಳನೆಯ ಲೋಳೆ ಹೊದಿಕೆ ಇರುತ್ತದೆ. ಗಾರ್ಡ್ನೆರೆಲ್ಲಾದ ಕೆಲವು ತಳಿಗಳು ಸಿಯಾಲಿಡೇಸ್ ಎಂಬ ಕಿಣ್ವ ಬಿಟ್ಟು ಆ ಹೊದಿಕೆಯ ಸಕ್ಕರೆ ತುದಿಗಳನ್ನು ಕತ್ತರಿಸುತ್ತವೆ. ಹೊದಿಕೆ ಹರಿದ ಜಾಗದಲ್ಲಿ ಕೋಶಕ್ಕೆ ಅಂಟಿಕೊಂಡು, ತಮ್ಮ ಸುತ್ತ ಅಂಟು ಪದಾರ್ಥ ಹರಡಿ, ಒತ್ತೊತ್ತಾಗಿ ಪದರ ಕಟ್ಟುತ್ತವೆ. ಇದಕ್ಕೆ ಬಯೋಫಿಲ್ಮ್ ಅಂತಾರೆ. ಕೋಶಕ್ಕೆ ತೂತು ಕೊರೆಯುವ ವಿಷ ಇವುಗಳ ಹತ್ತಿರವೂ ಇದೆ.

ಜೀವಕೋಶಗಳೂ ಸುಮ್ನೆ ಕೂತಿರುವುದಿಲ್ಲ. ಯಾರು ಬಂದರು, ಯಾರು ಹೋದರು ಅಂತ ಗುರುತು ಹಿಡಿಯುವ ಗ್ರಾಹಕಗಳು ಅವುಗಳ ಮೇಲಿವೆ. ಕ್ರಿಸ್ಪೇಟಸ್ ಪಕ್ಕದಲ್ಲಿದ್ದರೆ ಅವು ಶಾಂತವಾಗಿರುತ್ತವೆ. ಹಾರ್ವರ್ಡ್‌ನ ವೀಸ್ ಸಂಸ್ಥೆಯವರು 2022ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹೆಂಗಸರಿಂದ ಪಡೆದ ಯೋನಿ ಜೀವಕೋಶಗಳನ್ನು ಒಂದು ಸಣ್ಣ ಚಿಪ್‌ನಲ್ಲಿ ಪದರ ಪದರವಾಗಿ ಬೆಳೆಸಿ, ಅದರ ಮೇಲೆ ಬೇರೆ ಬೇರೆ ಬ್ಯಾಕ್ಟೀರಿಯಾ ಹಾಕಿ ನೋಡಿದರು. ಕ್ರಿಸ್ಪೇಟಸ್ ಹಾಕಿದಲ್ಲಿ ಆಮ್ಲ ಉಳಿಯಿತು, ಉರಿಯೂತದ ಸಂಕೇತಗಳು ಇಳಿದವು. ಗಾರ್ಡ್ನೆರೆಲ್ಲಾ ಇದ್ದ ಗುಂಪು ಹಾಕಿದಲ್ಲಿ ಪಿಎಚ್ ಏರಿತು, ಕೋಶಗಳಿಗೆ ಗಾಯವಾಯಿತು, ಉರಿಯೂತದ ಸಂಕೇತಗಳು ಏರಿದವು. ರೋಗಿಗಳಲ್ಲಿ ನಾವು ಕಾಣುವುದಕ್ಕೂ ಇದಕ್ಕೂ ಹೊಂದಿಕೆ ಇದೆ.

ನೀವು ಡಾಕ್ಟರ ಹತ್ತಿರ ಹೋದಾಗ ಇದನ್ನು ಕಣ್ಣಿಂದಲೇ ನೋಡಬಹುದು. ಒಂದು ಹತ್ತಿಕಡ್ಡಿಯಿಂದ ಸ್ವಲ್ಪ ಸ್ರಾವ ತೆಗೆದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಸಲೈನ್‌ನಲ್ಲಿ ಕಲಸಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇವೆ. ಆರೋಗ್ಯವಾಗಿದ್ದರೆ ಒಳಗೋಡೆಯ ಕೋಶ ದೊಡ್ಡದಾಗಿ, ಚಪ್ಪಟೆಯಾಗಿ, ಮೂಲೆ ಮೂಲೆಯಾಗಿ ಕಾಣುತ್ತದೆ. ನಡುವೆ ಒಂದು ಚಿಕ್ಕ ಕೇಂದ್ರ. ಅಂಚು ಗೆರೆ ಎಳೆದಷ್ಟು ಸ್ಪಷ್ಟ. ಸುತ್ತ ಅಲ್ಲಲ್ಲಿ ಉದ್ದನೆ ಕಡ್ಡಿಯ ಆಕಾರದ ಲ್ಯಾಕ್ಟೋಬ್ಯಾಸಿಲಸ್. ಬ್ಯಾಕ್ಟೀರಿಯಲ್ ವಜೈನೋಸಿಸ್ ಇದ್ದರೆ ಆ ಅಂಚೇ ಕಾಣುವುದಿಲ್ಲ. ಕೋಶದ ಮೈತುಂಬ ಸಣ್ಣ ಸಣ್ಣ ಚುಕ್ಕೆಗಳು ಮೆತ್ತಿರುತ್ತವೆ, ಅಂಚು ಮಬ್ಬಾಗಿ, ಒರಟಾಗಿ ಕಾಣುತ್ತದೆ. ಕಡ್ಡಿಗಳು ಹುಡುಕಿದರೂ ಸಿಗುವುದಿಲ್ಲ. ಹೀಗೆ ಚುಕ್ಕೆ ಮೆತ್ತಿದ ಕೋಶವನ್ನು ಕ್ಲೂ ಸೆಲ್ ಅಂತಾರೆ. 1955ರಲ್ಲಿ ಗಾರ್ಡ್ನರ್ ಮತ್ತು ಡ್ಯೂಕ್ಸ್ ಎಂಬ ಇಬ್ಬರು ಅಮೆರಿಕನ್ನರು ಇದನ್ನು ವಿವರಿಸಿದರು. ನಾನು ಅವಕಾಶ ಇದ್ದಾಗಲೆಲ್ಲ ರೋಗಿಯನ್ನೇ ಕರೆದು ಇದನ್ನು ತೋರಿಸುತ್ತೇನೆ. ಒಮ್ಮೆ ನೋಡಿದ ಮೇಲೆ ಯಾರೂ ‘ಇನ್ನೂ ತಿಕ್ಕಿ ತೊಳೆಯಲಾ’ ಅಂತ ಕೇಳಿಲ್ಲ.

ಪಕ್ಕದಲ್ಲೇ ಇನ್ನೊಂದು ಪರೀಕ್ಷೆ. ಸ್ರಾವದ ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ (ಹುಳಿಗೆ ತದ್ವಿರುದ್ಧ ಗುಣದ್ದು) ಹಾಕಿದರೆ ಮೀನಿನ ವಾಸನೆ ಕೂಡಲೇ ಮೂಗಿಗೆ ಬರುತ್ತದೆ. ಈ ಬ್ಯಾಕ್ಟೀರಿಯಾಗಳು ಟ್ರೈಮಿಥೈಲಮೈನ್‌ನಂಥ ಪದಾರ್ಥಗಳನ್ನು ಮಾಡುತ್ತವೆ. ಕೆಟ್ಟ ಮೀನು ನಾರುವುದೂ ಅದರಿಂದಲೇ. ಹುಳಿ ಇರುವ ತನಕ ಅವು ದ್ರವದಲ್ಲೇ ಅಡಗಿರುತ್ತವೆ, ಕ್ಷಾರ ತಗುಲಿದರೆ ಗಾಳಿಗೆ ಏಳುತ್ತವೆ. ಸಂಭೋಗ ಆದ ಮೇಲೆ, ಮುಟ್ಟಿನ ಹೊತ್ತಿಗೆ ವಾಸನೆ ಜಾಸ್ತಿ ಅಂತ ನೀವು ಬರೆದಿದ್ದೀರಲ್ಲ, ಕಾರಣ ಇದೇ. ವೀರ್ಯ ಮತ್ತು ರಕ್ತ ಎರಡೂ ಸ್ವಲ್ಪ ಕ್ಷಾರದವು. ಸೋಪೂ ಕ್ಷಾರವೇ.

ಸ್ರಾವದ ರೂಪ, 4.5ಕ್ಕಿಂತ ಹೆಚ್ಚಿನ ಪಿಎಚ್, ಕ್ಲೂ ಸೆಲ್, ಈ ವಾಸನೆ. ನಾಲ್ಕರಲ್ಲಿ ಮೂರು ಇದ್ದರೆ ರೋಗ ಇದೆ ಅಂತ ತೀರ್ಮಾನಿಸುತ್ತೇವೆ. 1983ರಿಂದ ಬಳಕೆಯಲ್ಲಿರುವ ಕ್ರಮ ಇದು, ಖರ್ಚೂ ಬಹಳ ಕಡಿಮೆ. ಆದರೂ ಎಷ್ಟೋ ಕಡೆ ಪರೀಕ್ಷೆಯೇ ಮಾಡದೆ ಮಾತ್ರೆ ಬರೆದುಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಲಕ್ಷಣ ನೋಡಿ ಒಂದು ಕಿಟ್ ಕೊಡುವ ಪದ್ಧತಿ ಇದೆ. ಅದರಲ್ಲಿ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಇರುತ್ತವೆ. ಬ್ಯಾಕ್ಟೀರಿಯಾ, ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿ, ಫಂಗಸ್ ಮೂರಕ್ಕೂ ಒಟ್ಟಿಗೆ ಚಿಕಿತ್ಸೆ ಆಗಲಿ ಅಂತ. ಲ್ಯಾಬ್ ಇಲ್ಲದ ಊರಲ್ಲಿ ಮೊದಲ ಸಲಕ್ಕೆ ಅದು ಸರಿಯಾದ ದಾರಿಯೇ. ಆದರೆ ಮೇಲಿಂದ ಮೇಲೆ ಮರಳಿ ಬರುತ್ತಿರುವ ನಿಮ್ಮಂಥವರಿಗೆ ಪರೀಕ್ಷೆ ಬೇಕೇ ಬೇಕು.

ಮಾತ್ರೆ ತಿಂದರೂ ಯಾಕೆ ಮರಳಿ ಬರುತ್ತದೆ? ಸಾಮಾನ್ಯವಾಗಿ ಕೊಡುವುದು ಮೆಟ್ರೋನಿಡಜೋಲ್, 400 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏಳು ದಿನ. ಅದು ಕೆಟ್ಟ ಗುಂಪನ್ನು ಬಗ್ಗಿಸುತ್ತದೆ, ಲ್ಯಾಕ್ಟೋಬ್ಯಾಸಿಲಸ್‌ಗೆ ಅಷ್ಟಾಗಿ ತೊಂದರೆ ಮಾಡುವುದಿಲ್ಲ. ಆದರೆ ಕೋಶಕ್ಕೆ ಅಂಟಿದ ಆ ಪದರ ಪೂರ್ತಿ ಹೋಗುವುದಿಲ್ಲ. ಚಿಕಿತ್ಸೆ ಮುಗಿದ ಮೇಲೆ ಜಾಗ ಹಿಡಿಯುವುದು ಹೆಚ್ಚಾಗಿ ಕ್ರಿಸ್ಪೇಟಸ್ ಬದಲು ಇನರ್ಸ್. ಅದಕ್ಕೆ ಜಾಗ ಕಾಯುವ ತಾಕತ್ತು ಕಡಿಮೆ. ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಮರಳಿ ಬರುತ್ತದೆ. ನಿಮ್ಮೊಬ್ಬರಿಗೇ ಹೀಗೆ ಅಂದುಕೊಳ್ಳಬೇಡಿ. ಮತ್ತೆ ಒಂದು ಮಾತು: ಮೂರನೇ ದಿನಕ್ಕೆ ವಾಸನೆ ಹೋಯಿತು, ಬಾಯಿ ಕಹಿಯಾಗುತ್ತದೆ ಅಂತ ಮಾತ್ರೆ ಬಿಡುವವರು ಬಹಳ. ಪೂರ್ತಿ ತಿನ್ನಿ. ಉಳಿದ ಮಾತ್ರೆಯನ್ನು ಓರಗಿತ್ತಿಗೆ ಕೊಡುವುದೂ ಬೇಡ.

ಗಂಡನ ವಿಷಯ. ಮೊದಲು ನಾವು ಗಂಡಸರಿಗೆ ಚಿಕಿತ್ಸೆ ಬೇಡ ಅನ್ನುತ್ತಿದ್ದೆವು. ಹಳೆಯ ಅಧ್ಯಯನಗಳಲ್ಲಿ ಲಾಭ ಕಂಡಿರಲಿಲ್ಲ. 2025ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಬಂದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಅವರು ಒಬ್ಬರಿಗೊಬ್ಬರು ನಿಷ್ಠರಾಗಿರುವ ಜೋಡಿಗಳನ್ನು ತೆಗೆದುಕೊಂಡರು. ಒಂದು ಗುಂಪಿನಲ್ಲಿ ಹೆಂಗಸಿಗೆ ಮಾತ್ರ ಚಿಕಿತ್ಸೆ. ಇನ್ನೊಂದರಲ್ಲಿ ಗಂಡಿಗೂ ಏಳು ದಿನ ಮೆಟ್ರೋನಿಡಜೋಲ್ ಮಾತ್ರೆ, ಜೊತೆಗೆ ಶಿಶ್ನದ ಚರ್ಮಕ್ಕೆ ಹಚ್ಚಲು 2 ಶೇಕಡಾ ಕ್ಲಿಂಡಾಮೈಸಿನ್ ಮುಲಾಮು. 12 ವಾರದಲ್ಲಿ ಹೆಂಗಸಿಗೆ ಮಾತ್ರ ಕೊಟ್ಟ ಗುಂಪಿನಲ್ಲಿ 63 ಶೇಕಡಾ ಜನರಿಗೆ ಮರಳಿ ಬಂತು. ಇಬ್ಬರಿಗೂ ಕೊಟ್ಟಲ್ಲಿ 35 ಶೇಕಡಾ. ವ್ಯತ್ಯಾಸ ಎಷ್ಟು ದೊಡ್ಡದಿತ್ತು ಅಂದರೆ, ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಹಳೆಯ ಅಧ್ಯಯನಗಳಲ್ಲಿ ಗಂಡಸರಿಗೆ ಬರೀ ಮಾತ್ರೆ ಕೊಟ್ಟಿದ್ದರು, ಚರ್ಮಕ್ಕೆ ಮುಲಾಮು ಇರಲಿಲ್ಲ.

ಹಾಗಾಗಿ ಹೌದು, ನಿಮ್ಮ ಪರೀಕ್ಷೆಯಲ್ಲಿ ಇದು ಖಚಿತವಾದರೆ ಗಂಡನಿಗೂ ಚಿಕಿತ್ಸೆ ಕೇಳಿ. ಇಬ್ಬರೂ ಒಂದೇ ವಾರ ತಗೊಳ್ಳಿ. ಆ ವಾರ ಸೇರುವುದು ಬೇಡ. ನಮ್ಮ ಕಡೆ ಇಲ್ಲೇ ಕಷ್ಟ, ನನಗೆ ಗೊತ್ತು. ‘ನನಗೇನಾಗ್ಯದ, ನಾ ಯಾಕ ಗುಳಿಗಿ ತಗೋಬೇಕು’ ಅಂತಾರೆ. ಇಲ್ಲವೇ ಹೆಂಡತಿಯ ಮೇಲೇ ಅನುಮಾನ ಪಡುತ್ತಾರೆ. ಅವರಿಗೆ ನೇರವಾಗಿ ಹೇಳಿ: ಇದು ಯಾರ ನಡತೆಯ ಪ್ರಶ್ನೆಯೂ ಅಲ್ಲ, ಬ್ಯಾಕ್ಟೀರಿಯಾ ಇಬ್ಬರ ಚರ್ಮದ ಮೇಲೂ ಉಳಿಯುತ್ತದೆ. ನೀವು ಹೇಳಲು ಆಗದಿದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರೇ ಹೇಳಲಿ. ನಾನು ಎದುರಿಗೆ ಕೂರಿಸಿ ಹೇಳಿದಾಗ ಹೆಚ್ಚಿನ ಗಂಡಂದಿರು ಒಪ್ಪಿದ್ದಾರೆ. ಒಪ್ಪದಿದ್ದರೆ ಕೆಲವು ತಿಂಗಳು ಕಾಂಡೋಮ್ ಬಳಸುವುದೂ ಒಂದು ದಾರಿ.

ಮೊಸರು ಹಚ್ಚುವುದು ಬೇಡ. ಮೊಸರಿನ ಬ್ಯಾಕ್ಟೀರಿಯಾಗಳು ಹಾಲಿನಲ್ಲಿ ಬದುಕಲು ಹೊಂದಿಕೊಂಡವು, ಯೋನಿಯ ಒಳಗೋಡೆಯಲ್ಲಿ ನೆಲೆ ನಿಲ್ಲುವುದಿಲ್ಲ. ಊಟಕ್ಕೆ ಚೆನ್ನಾಗಿ ತಿನ್ನಿ. ಕ್ರಿಸ್ಪೇಟಸ್‌ನ ಒಂದು ತಳಿಯನ್ನೇ ಪುಡಿಯಾಗಿ ಒಳಗೆ ಇಡುವ ಔಷಧವನ್ನು 2020ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದ್ದಾರೆ. ಮೆಟ್ರೋನಿಡಜೋಲ್ ಮುಗಿದ ಮೇಲೆ ಅದನ್ನು ಬಳಸಿದವರಲ್ಲಿ 12 ವಾರಕ್ಕೆ 30 ಶೇಕಡಾ ಜನರಿಗೆ ಮರಳಿ ಬಂತು, ಖಾಲಿ ಪುಡಿ ಬಳಸಿದವರಲ್ಲಿ 45 ಶೇಕಡಾ. ಒಳ್ಳೆಯ ಸುದ್ದಿ. ಆದರೆ ಔಷಧ ಅಂಗಡಿಯಲ್ಲಿ ‘ಪ್ರೊಬಯಾಟಿಕ್’ ಅಂತ ಕೊಡುವ ಕ್ಯಾಪ್ಸೂಲ್ ಬೇರೆ, ಇದು ಬೇರೆ. ಅದಕ್ಕೆ ಸುಮ್ನೆ ದುಡ್ಡು ಹಾಕಬೇಡಿ.

ಬಿಳಿ ಹೋಗುವುದೆಲ್ಲ ರೋಗ ಅಂತಲೂ ತಿಳಿಯಬೇಡಿ. ಮುಟ್ಟಿನ ನಡುವಿನ ದಿನಗಳಲ್ಲಿ ಮೊಟ್ಟೆಯ ಬಿಳಿಯ ಹಾಗೆ ಎಳೆ ಎಳೆಯಾಗಿ ಹೋಗುವುದು, ಗರ್ಭಿಣಿಯರಲ್ಲಿ ಜಾಸ್ತಿ ಹೋಗುವುದು ಸಹಜ. ‘ಎಲುಬು ಕರಗಾಕತ್ತಾವ್ರೀ, ಅದಕ್ಕ ಬಿಳಿ ಹೊಂಟೈತಿ’ ಅಂತ ಹೇಳುವ ಹಿರಿಯರು ನಮ್ಮಲ್ಲಿ ಬಹಳ. ಎಲುಬು ಕರಗುವುದಿಲ್ಲ. ಉದುರಿದ ಜೀವಕೋಶ, ಲೋಳೆ, ನೀರು ಅಷ್ಟೇ ಅದು. ನಮ್ಮ ಪಕ್ಕದ ಗೋವಾದಲ್ಲಿ ಸುಮಾರು 2,500 ಹೆಂಗಸರ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಬಿಳಿ ಹೋಗುವ ದೂರಿಗೆ ಸೋಂಕಿಗಿಂತ ಮನಸ್ಸಿನ ಬಳಲಿಕೆ, ದಣಿವು, ಮನೆಯ ಸಂಕಟಗಳ ಜೊತೆ ಹೆಚ್ಚು ನಂಟು ಕಂಡಿತು. ನಿಮ್ಮದು ಹಾಗೆ ಅಂತ ಹೇಳುತ್ತಿಲ್ಲ, ನಿಮಗೆ ವಾಸನೆ ಇದೆ, ಅದು ನಿಜವಾದ ಲಕ್ಷಣ. ಆದರೆ ಬೆನ್ನುನೋವು, ನಿದ್ದೆ ಬಾರದಿರುವುದು, ಸುಸ್ತು ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಬಿಳಿ ಹೋಗುವುದರಿಂದಲೇ ಅಂತ ನುಂಗಿಕೊಳ್ಳಬೇಡಿ. ರಕ್ತಹೀನತೆಯ ಪರೀಕ್ಷೆಯೂ ಆಗಲಿ.

ತುರಿಕೆ ಜೋರಾಗಿ, ಒಡೆದ ಹಾಲಿನ ಹಾಗೆ ಗಟ್ಟಿ ಬಿಳಿ ಬಂದರೆ ಅದು ಫಂಗಸ್ ಇರಬಹುದು. ಪದೇ ಪದೇ ಬಂದರೆ ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡಬೇಕು. ಹಸಿರು-ಹಳದಿ, ನೊರೆ ನೊರೆಯಾಗಿದ್ದರೆ ಟ್ರೈಕೊಮೊನಾಸ್ ಇರಬಹುದು, ಆಗ ಗಂಡನಿಗೂ ಚಿಕಿತ್ಸೆ ಕಡ್ಡಾಯ. ಕೆಳಹೊಟ್ಟೆ ನೋವು, ಜ್ವರ, ಸೇರಿದ ಮೇಲೆ ಅಥವಾ ಮುಟ್ಟಿನ ನಡುವೆ ರಕ್ತ, ಇವು ಯಾವುದು ಕಂಡರೂ ತಡ ಮಾಡಬೇಡಿ. ಬಸಿರು ನಿಂತಿದ್ದರೆ ಮೊದಲೇ ಹೇಳಿ. ಬ್ಯಾಕ್ಟೀರಿಯಲ್ ವಜೈನೋಸಿಸ್ ಇದ್ದಾಗ ದಿನ ತುಂಬುವ ಮುಂಚೆ ಹೆರಿಗೆಯಾಗುವ ಸಾಧ್ಯತೆ, ಎಚ್‌ಐವಿಯಂಥ ಸೋಂಕು ತಗುಲುವ ಸಾಧ್ಯತೆ ಹೆಚ್ಚು. ಕಾಪರ್-ಟಿ ಹಾಕಿಸಿದ್ದರೆ ಅದನ್ನೂ ಹೇಳಬೇಕು. ನಿಮಗೆ 30 ದಾಟಿದೆ, ಅದೇ ಭೇಟಿಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನೂ ಕೇಳಿ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಅದು ಇದೆ.

ಹೋಗುವ ದಿನ ಮುಟ್ಟು ಇರದ ಹಾಗೆ ನೋಡಿಕೊಳ್ಳಿ. ಅದಕ್ಕೆ ಎರಡು ದಿನ ಮುಂಚಿನಿಂದ ಸೇರುವುದು, ಒಳಗೆ ಮುಲಾಮು ಅಥವಾ ಮಾತ್ರೆ ಇಡುವುದು ಬೇಡ, ಇಲ್ಲದಿದ್ದರೆ ಪಿಎಚ್ ತಪ್ಪು ತೋರಿಸುತ್ತದೆ. ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ಅವತ್ತು ಬೆಳಿಗ್ಗೆ ಒಳಗೆ ತೊಳೆದುಕೊಂಡು ಬರುವವರು ಬಹಳ, ಅವರ ಸ್ಲೈಡ್‌ನಲ್ಲಿ ನಮಗೆ ನೋಡಲು ಏನೂ ಉಳಿದಿರುವುದಿಲ್ಲ. ಈ ವರ್ಷ ತಿಂದ ಮಾತ್ರೆಗಳ ಚೀಟಿ, ಖಾಲಿ ಪಟ್ಟಿ ಏನಿದೆಯೋ ಎಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ‘ಸ್ಲೈಡ್ ನೋಡ್ತೀರಾ, ಪಿಎಚ್ ನೋಡ್ತೀರಾ’ ಅಂತ ಬಾಯಿ ಬಿಟ್ಟು ಕೇಳಿ.